ತಲೆ ತಗ್ಗಿಸಿ ಕೂತ ತಾಯಿಗೆ ಆಸಕ್ತಿಯಿಲ್ಲವೇ?

ಶಾಲಾ ಮಂಡಳಿಯ ಮುಖ್ಯಾಧಿಕಾರಿಗಳೇ,

ಇಂದು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರ, ಉಪವಾಸ. ಬೆಳಿಗ್ಗೆ ಎದ್ದು ಮೆಟ್ಟಿಲ ಮೇಲಿನ ಹಿಮ ಗುಡಿಸಿ, ರಾತ್ರಿಯೂಟಕ್ಕೆ ಕೆಂಪು ಕಾಳು ನೆನೆಹಾಕಿ, ಮಾತೆ ಮರಿಯಮ್ಮನ ಮುಂದೆ ಮೇಣದಬತ್ತಿ ಹಚ್ಚಿ ಈ ಪತ್ರಕ್ಕೆ ಕೂತಿದ್ದೇನೆ. ಕಳೆದ ವಾರದ ಸಾರ್ವಜನಿಕ ಸಭೆಯಲ್ಲಿ ತಾವು ಹೇಳಿದಿರಿ: "ಲ್ಯಾಟಿನೊ ಮಕ್ಕಳಿಗೆ ಎಲ್ಲ ಅವಕಾಶವನ್ನೂ ತೆರೆದಿಟ್ಟಿದ್ದೇವೆ. ಅವರ ತಾಯಂದಿರಿಗೇ ಆಸಕ್ತಿಯಿಲ್ಲ. ಬರುತ್ತಾರೆ, ಸುಮ್ಮನೆ ಕೂತು ಹೋಗುತ್ತಾರೆ." ಹಾಗೆ ಕೂತು ಹೋದವರಲ್ಲಿ ನಾನೊಬ್ಬಳು.

ನನ್ನ ಕಿರಿಮಗಳು ನೊಹೆಮಿಗೆ ಹದಿನಾಲ್ಕು. ವೈದ್ಯೆಯಾಗಬೇಕೆಂಬ ಹಟ. ಅದಕ್ಕೆ ಬರುವ ವರ್ಷ ಮೇಲ್ದರ್ಜೆಯ ಗಣಿತದ ತರಗತಿ ಬೇಕು. ತಮ್ಮ ಸಲಹೆಗಾರರು ನನ್ನನ್ನು ಕರೆಸಿ ದುಭಾಷಿಯ ಬಾಯಲ್ಲಿ ಕೇಳಿಸಿದರು: "ಅವಳಿಗೆ ಕಷ್ಟ ಆಗ್ಬಹುದಮ್ಮ. ಸುಲಭದ ತರಗತಿಗೆ ಹಾಕೋಣ್ವಾ? ನೀವೇನಂತೀರಿ?" ನಾನು ಕಣ್ಣು ಕೆಳಗಿಟ್ಟು, "ತಾವು ತಿಳಿದೋರು, ತಾವು ಹೇಳ್ದಂಗೆ" ಎಂದೆ. ಅವಳ ಹೆಸರನ್ನು ಸುಲಭದ ತರಗತಿಗೆ ಬರೆದುಕೊಂಡರು.

ಅಮೆರಿಕಕ್ಕೆ ಬರುವ ಮುನ್ನ ನಾನು ನಾಲ್ಕಕ್ಷರ ಕಲಿತದ್ದು ಎಲ್ ಸಾಲ್ವಡಾರ್‌ನ ಒಂದು ಬೆಟ್ಟದ ಹಳ್ಳಿಯಲ್ಲಿ. ಅಲ್ಲಿ ಮಗುವನ್ನು ಶಾಲೆಗೆ ಸೇರಿಸುವ ದಿನ ತಾಯಿ ಒಂದು ಕೋಳಿ ಹಿಡಿದು ಶಿಕ್ಷಕಿಯ ಮನೆಗೆ ಹೋಗುತ್ತಾಳೆ. "ಇನ್ಮೇಲೆ ಇವಳು ನಿಮ್ಮವಳು" ಎಂದು ಮಗುವಿನ ಕೈಯನ್ನು ಅವರ ಕೈಯಲ್ಲಿಡುತ್ತಾಳೆ. ಆಮೇಲೆ ಎದುರಾಡಿದರೆ ಕೊಟ್ಟದ್ದನ್ನು ಕಿತ್ತುಕೊಂಡ ಹಾಗೆ. ಗುರುಗಳ ಮುಂದೆ ತಲೆ ತಗ್ಗಿಸುವುದು ನಮ್ಮಲ್ಲಿ ನಂಬಿಕೆಯ ಗುರುತು. ತಮ್ಮಲ್ಲಿ ಅದು ಅಸಡ್ಡೆಯಂತೆ! ನಾನು ನೆಲ ಒರೆಸುವ ಮನೆಯ ಯಜಮಾನಿ ಅದೇ ಕುರ್ಚಿಯಲ್ಲಿ ಕೂತು, ಅದೇ ಪ್ರಶ್ನೆಗೆ "ಒಪ್ಪಲ್ಲ" ಎಂದರಂತೆ. ಅವರ ಮಗನಿಗೆ ಮೇಲಿನ ತರಗತಿ ಸಿಕ್ಕಿತು. ಹಾಗಾದರೆ ಸ್ವಾಮಿ, ಗಣಿತದ ಯೋಗ್ಯತೆ ಇರುವುದು ಮಗುವಿನ ತಲೆಯಲ್ಲೋ, ತಾಯಿಯ ಗಂಟಲಲ್ಲೋ? ಆಸಕ್ತಿಯಿಲ್ಲದವಳು ಕೆಲಸ ಬಿಟ್ಟು, ಎರಡು ಬಸ್ಸು ಬದಲಿಸಿ, ಭಾನುವಾರದ ಉಡುಪು ತೊಟ್ಟು ತಮ್ಮ ಕಚೇರಿಗೆ ಬರುತ್ತಾಳೆಯೇ?

ನೊಹೆಮಿಯ ಜ್ಞಾನಸ್ನಾನದ ತಾಯಿ ಚಾಯೊ ಇದನ್ನು ಕೇಳಿ ನಕ್ಕಳು. "ಅಯ್ಯೋ ನಿನ್ನ! ನೀನೇನು ಪೂಜೆಗೆ ಹೋಗಿದ್ಯೇನೇ, ಎಲ್ಲದಕ್ಕೂ ಆಮೆನ್ ಅನ್ನೋಕೆ?"

ಮಗಳು ನಗಲಿಲ್ಲ. "ಅವರಿಗೆ ಗೊತ್ತಿರ್ಲಿಲ್ಲ, ಸರಿ. ನಿಂಗೆ ಗೊತ್ತಿತ್ತಲ್ಲಮ್ಮ, ನಾನೆಷ್ಟು ಓದ್ತೀನಿ ಅಂತ?" ಎಂದಳು. ಆಮೇಲೆ ಆ ಮಾತೆತ್ತಿಲ್ಲ. ಈಗ ಏನು ಹೇಳಿದರೂ "ಸರಿ" ಅನ್ನುತ್ತಾಳೆ. ವಾದವಿಲ್ಲ, ಸಿಡುಕಿಲ್ಲ. ಮೊನ್ನೆ ಉಣ್ಣುವಾಗ, "ಬೇಸಿಗೆ ರಜೆಗೆ ನಿನ್ ಜೊತೆ ಮನೆ ಒರೆಸೋಕೆ ಬರ್ತೀನಿ" ಎಂದಳು. ಬೇಡ ಮಗಳೇ ಎಂದೆ. "ಯಾಕೆ, ಅದೂ ಕಷ್ಟ ಆಗುತ್ತಾ ನಂಗೆ?" ಎಂದಳು.

ಈಸ್ಟರ್‌ಗೆ ಮುನ್ನ ಮೇಲಿನ ತರಗತಿಗೆ ಸೇರುವ ಬಾಗಿಲು ಮುಚ್ಚುತ್ತದೆಂದು ಕೇಳಿದ್ದೇನೆ. ಅಷ್ಟರೊಳಗೆ ಪರೀಕ್ಷೆ ಮಾಡಿ ನೋಡಿ, ತಾಯಿಯನ್ನಲ್ಲ, ಮಗಳನ್ನು. ಗೆದ್ದರೆ ಜಾಗ ಕೊಡಿ. ಇನ್ನು ಮುಂದೆ ನಮ್ಮ ತಾಯಂದಿರನ್ನು ಕರೆಸಿದಾಗ, "ಬೇಡ ಅನ್ನೋ ಹಕ್ಕು ನಿಮಗಿದೆ" ಎಂದು ಮೊದಲೇ ಬಾಯಿಬಿಟ್ಟು ಹೇಳಿ. ದೇವರ ಮೇಲಿರುವಷ್ಟೇ ಭಯ ನನಗೆ ಗುರುಗಳ ಮೇಲೂ ಇದೆ. ಐವತ್ತರಲ್ಲಿ ಅದು ಹೋಗುವುದಿಲ್ಲ. ಆದರೂ ಅದೇ ಪ್ರಶ್ನೆಯನ್ನು ನನಗೆ ಮತ್ತೊಮ್ಮೆ ಕೇಳಿ. ಈ ಸಲ ಮುಖ ನೋಡಿ ಹೇಳುತ್ತೇನೆ. ಸಂಜೆ ನಾಲ್ಕರ ಮೇಲೆ ಮನೆಯಲ್ಲೇ ಇರುತ್ತೇನೆ. ಆ ಪ್ರಶ್ನೆ ಕೇಳಿ ನನ್ನ ಉತ್ತರ ಒಯ್ಯಲು ದಯಮಾಡಿ ಯಾರನ್ನಾದರೂ ಕಳಿಸಿ.

ಇಂತಿ,
ತಮ್ಮನ್ನು ನಂಬಿ ಮಗಳ ಕೈಯನ್ನು ತಮ್ಮ ಕೈಯಲ್ಲಿಟ್ಟ
ದೆಲ್ಮಿ ಮೆನ್ಹಿವಾರ್