ಎತ್ತಿದ ಕೈ

ಮಾರ್ಚ್ ಹನ್ನೊಂದು, ಮಂಗಳವಾರ. ರೂಮ್‌ಮೇಟ್ ಮಲಗಿದಾಳೆ, ಅದಕ್ಕೆ ಫೋನಿಗೆ ಮೆಲ್ಲಗೆ ಹೇಳ್ಕೋತಿದೀನಿ.

ಇವತ್ತು ನಮ್ಮ ರಾಜ್ಯಶಾಸ್ತ್ರ ವಿಭಾಗದ ಸಭೇಲಿ ಒಂದು ಪ್ರಸ್ತಾಪ ಬಂತು. ವರ್ಷದ ಕಾಂಟ್ರ್ಯಾಕ್ಟ್ ಮೇಲಿರೋ ನಮ್ಮಂಥ ಸಂಶೋಧಕರಿಗೆ ಇನ್ಮೇಲೆ ಸಭೇಲಿ ಓಟು ಬೇಡ ಅಂತ. "ಚೀಟಿಗೀಟಿ ಎಲ್ಲ ಯಾಕೆ, ನಮ್ಮ ನಮ್ಮವರೇ ಅಲ್ವಾ, ಕೈ ಎತ್ತಿಬಿಡಿ" ಅಂದ್ರು ನನ್ನ ಪ್ರೊಫೆಸರ್. ಅವರೇ ಮೊದಲು ಎತ್ತಿದ್ರು. ಎತ್ತಿ, ನನ್ನ ಕಡೆ ನೋಡಿದ್ರು. ಮುಂದಿನ ತಿಂಗಳು ನನ್ನ ಕಾಂಟ್ರ್ಯಾಕ್ಟಿಗೆ ಅವರ ಸಹಿ ಬೇಕು. ಸಹಿ ಬಿದ್ರೆ ಕೆಲಸ, ಕೆಲಸ ಇದ್ರೆ ವೀಸಾ. ನಾನೂ ಎತ್ತಿದೆ. ನನ್ನ ಓಟು ಕಿತ್ಕೊಳ್ಳೋಕೆ ನಾನೇ ಓಟು ಹಾಕಿದೆ.

ಸಂಜೆ ಊರಿಗೆ ಫೋನ್ ಮಾಡಿ ಅಕ್ಕಂಗೆ ಹೇಳಿದ್ರೆ ಬಿದ್ದು ಬಿದ್ದು ನಕ್ಕಳು. "ಅಲ್ವೇ ಪ್ರಜಾಪ್ರಭುತ್ವದ ಪಂಡಿತೆ, ಇಲ್ಲಿ ಓಟು ಹಾಕೋಕೆ ನೀನಿಲ್ಲ, ಅಲ್ಲಿ ನಿಂಗೆ ಹಕ್ಕಿಲ್ಲ. ಇದ್ದಿದ್ದೊಂದನ್ನೂ ಕೊಟ್ಟು ಬಂದ್ಯಾ?" ಆಮೇಲೆ ಅವಳೇ, "ವಾಪಸ್ ಬಂದ್ಬಿಡೇ" ಅಂದಳು. ಥೀಸಿಸ್ ಅರ್ಧಕ್ಕೆ ಬಿಟ್ಟು ಯಾವ ಮುಖ ಇಟ್ಕೊಂಡು ಹೋಗಲಿ? ಇರೋಕೂ ಆಗಲ್ಲ, ಹೋಗೋಕೂ ಆಗಲ್ಲ. ಬಲಗೈನ ದಿಂಬಿನ ಕೆಳಗೆ ಇಟ್ಕೊಂಡು ಮಲಗಿದೀನಿ, ಅದನ್ನ ನೋಡೋಕೇ ಒಂಥರಾ ಆಗುತ್ತೆ.

ಅಕ್ಕಂಗೆ ಒಂದು ಹೇಳಲಿಲ್ಲ. ಸಭೆ ಮುಗಿದ ಮೇಲೆ ಪ್ರೊಫೆಸರ್ ಕಾರಿಡಾರಲ್ಲಿ ನಿಲ್ಲಿಸಿದ್ರು. ನನ್ನ ನಾಲ್ಕನೇ ಅಧ್ಯಾಯ ಓದಿದ್ರಂತೆ. ಗುಟ್ಟಾಗಿ ಓಟು ಹಾಕೋಕೆ ಬಿಡದಿದ್ರೆ ಜನ ಧಣಿ ಮುಖ ನೋಡಿ ಕೈ ಎತ್ತುತ್ತಾರೆ ಅಂತ ಬರೆದಿರೋ ಅಧ್ಯಾಯ. "ವಾದ ಚೆನ್ನಾಗಿದೆಯಮ್ಮ" ಅಂದ್ರು, "ಆದ್ರೆ ನಂಬೋ ಥರದ್ದು ಒಂದು ಉದಾಹರಣೆ ಬೇಕು."

ಹುಡುಕ್ತೀನಿ ಸರ್, ಅಂದೆ.