ಒಂಬೈನೂರರ ಅಂದಾಜು

೨೧ ಆಗಸ್ಟ್ ೨೦೦೬, ಸೋಮವಾರ

ಮತ್ತೆ ನಾಲ್ಕು ಅಂಗಡಿಗಳ ಬುಕಿಂಗ್ ಪಟ್ಟಿ ಬಂತು. ಒಟ್ಟು ಹದಿನೆಂಟು ಅಂಗಡಿ. ಹೊಸ ಗೇಮ್ ಕನ್ಸೋಲ್ ದಸರಾಕ್ಕೆ ಮುಂಚೆ ಬರುತ್ತದೆ. ಮೂರು ತಿಂಗಳಲ್ಲಿ ಹೈದರಾಬಾದಿನಲ್ಲಿ ಎಷ್ಟು ಮಾರಾಟವಾದೀತು — ಅಂಗಡಿಗಳಿಗೆ ಮಾಲು ಹಂಚುವ ನಮ್ಮ ಆಫೀಸಿನಲ್ಲಿ ಅದನ್ನು ಹೇಳಬೇಕಾದವಳು ನಾನು. ಆಟದ ಕಂಟ್ರೋಲರ್ ಕೈಗೆ ಕೊಟ್ಟರೆ ತಲೆಕೆಳಗಾಗಿ ಹಿಡಿಯುವವಳು.

ಕೂಡಿಸಿದರೆ ೧,೪೬೦. ಬುಕಿಂಗ್‌ಗೆ ಅಡ್ವಾನ್ಸ್ ಇಲ್ಲ. ಬರೀ ಹೆಸರು, ಫೋನ್ ನಂಬರ್. ಮೂರನೆಯ ಒಂದು ಭಾಗಕ್ಕಿಂತ ಹೆಚ್ಚೇ ಕಳೆದು ೯೦೦ ಎಂದು ಬರೆದೆ. ನಮ್ಮ ಮ್ಯಾನೇಜರ್ ವೆಂಕಟೇಶ್ ಸರ್, "ಗುಡ್. ವೆರಿ ಸೇಫ್," ಅಂದರು. ಸೇಫ್ ಹೌದೆ? ಕಳೆದದ್ದಕ್ಕೆ ಆಧಾರವೇನು? ಏನೂ ಇಲ್ಲ.

೨೭ ಆಗಸ್ಟ್, ಭಾನುವಾರ

ಗಣೇಶ ಚೌತಿ. ಕಲ್ಯಾಣಪ್ಪ ಮಾಮಾ, ಸೂಗಮ್ಮ ಅತ್ತಿ ಊಟಕ್ಕೆ ಬಂದಿದ್ದರು. ಕೋಠಿಯಲ್ಲಿ ಮಾಮಾನ ರೇಡಿಯೋ ರಿಪೇರಿ ಅಂಗಡಿಗೆ ಮೂವತ್ತನಾಲ್ಕು ವರ್ಷ. ನಮ್ಮ ಹದಿನೆಂಟರಲ್ಲಿ ಅದೂ ಒಂದು — ಸೇರಿಸಿದವಳು ನಾನೇ.

"ಗೋದಾ, ಎಷ್ಟು ಹೋಗತಾವಂತ?"

ಹೇಳಬಾರದಿತ್ತು. ಹೇಳಿದೆ.

"ಒಂಬೈನೂರು! ಹಂಗಾದ್ರ ನನ್ನವು ಐವತ್ತು ಪಕ್ಕಾ. ರಿಪೇರಿ ಬಂದ್. ಬೆಂಚ್ ಒಡಸಿ ಗಾಜಿನ ಶೋಕೇಸ್ ಕೂಡಸ್ತೀನಿ."

"ಬರೇ ಅಂದಾಜ್ರೀ ಮಾಮಾ..."

"ನಿನ್ನ ಅಂದಾಜಂದ್ರ ನಮಗ ಪಂಚಾಂಗ ಇದ್ದಂಗ."

"ಚಷ್ಮಾ ಬಂದ ಮ್ಯಾಲ ಆಟಗಿ ಸಾಮಾನು ಮಾರ್ತಾರಂತ," ಅಂದರು ಅತ್ತಿ, ಕಡುಬು ಬಡಿಸುತ್ತ. ಎಲ್ಲರೂ ನಕ್ಕೆವು. ನಾನೂ.

೫ ಸೆಪ್ಟೆಂಬರ್, ಮಂಗಳವಾರ

ಕಂಪನಿಗೆ ಆರ್ಡರ್ ಹೋಗುವ ಮೊದಲು ಕೆಲವರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳೋಣವೆಂದು ಕೂತೆ. ಮಾಮಾನ ಪಟ್ಟಿ ತೆಗೆದೆ. ಎಪ್ಪತ್ತೆರಡು ಹೆಸರು.

ಮೂರನೆಯದು ಶಾರದಾಬಾಯಿ. ನಮ್ಮ ದೊಡ್ಡಮ್ಮ, ಎಂಬತ್ತೊಂದು ವರ್ಷ. ಏಳನೆಯದು ಬಂಡೆಪ್ಪ ಕಾಕಾ — ಯುಗಾದಿಗೆ ತೀರಿಕೊಂಡರು. ಹದಿನಾಲ್ಕನೆಯದು ನಾನು. ನಮ್ಮ ಮನೆಯ ಲ್ಯಾಂಡ್‌ಲೈನ್.

ಹೆಸರುಗಳ ಈ ಕ್ರಮ ನನಗೆ ಗೊತ್ತು. ಹೋದ ವರ್ಷ ಮಾಮಾನ ಮಗಳ ಮದುವೆ. ಲಗ್ನಪತ್ರಿಕೆ ಯಾರ್ಯಾರಿಗೆ ಎಂದು ಪಟ್ಟಿ ಬರೆದವಳು ನಾನೇ. ಹಾಗೇ ಇಳಿಸಿದ್ದಾರೆ, ಒಂದು ಹೆಸರೂ ಬಿಡದೆ.

ಉಳಿದ ಅಂಗಡಿಗಳ ಪಟ್ಟಿಗಳನ್ನು ಫೋನ್ ನಂಬರ್ ಪ್ರಕಾರ ಜೋಡಿಸಿದೆ. ಒಂದೇ ನಂಬರ್ ಆರು ಅಂಗಡಿಯಲ್ಲಿ. ಯಾರು ಮೊದಲು ಕೊಡುತ್ತಾರೋ ನೋಡೋಣ ಅಂತ ಜನ ಎಲ್ಲ ಕಡೆ ಬರೆಸಿದ್ದಾರೆ. ನಿಜವಾದ ಗಿರಾಕಿಗಳು — ಮುನ್ನೂರ ನಲವತ್ತು. ಎರಡು ಸಲ ಎಣಿಸಿದೆ.

೭ ಸೆಪ್ಟೆಂಬರ್, ಗುರುವಾರ

ನಿನ್ನೆಯಿಡೀ ಧೈರ್ಯ ಬರಲಿಲ್ಲ. ಇವತ್ತು ಫೋನ್ ಮಾಡಿದೆ.

"ಮಾಮಾ, ಬಂಡೆಪ್ಪ ಕಾಕಾ ಹ್ಯಾಂಗ ಬುಕ್ ಮಾಡಿದ್ರು?"



"ಪಟ್ಟಿ ಉದ್ದ ಇದ್ರ ಮಾಲು ಜಾಸ್ತಿ ಕೊಡ್ತಾರ ಅಂತ ನೀನ ಹೇಳಿದ್ದೆಲ್ಲ?"

ಹೇಳಿದ್ದೆ. ಜುಲೈನಲ್ಲಿ.

"ಖರೇ ಗಿರಾಕಿ ಅಲ್ಲಲ್ರೀ ಅವರು."

"ಎಲ್ಲಾರೂ ಮದಿವಿಗೆ ಬಂದಿದ್ರಲ್ಲ, ತಂಗಿ. ಒಬ್ರೂ ತಪ್ಪಸಲಿಲ್ಲ."

ತಮಾಷೆಗೆ ಅಂದದ್ದಲ್ಲ. ಅವರು ನಂಬಿದ್ದಾರೆ. ಅವರ ಪಟ್ಟಿಯಿಂದ ನನ್ನ ಒಂಬೈನೂರು. ನನ್ನ ಒಂಬೈನೂರರಿಂದ ಅವರ ನಂಬಿಕೆ.

"ಬೆಂಚ್ ಒಡಸಬ್ಯಾಡ್ರಿ. ಮಾರಾಟ ಆಗೂದು ಮುನ್ನೂರಷ್ಟ. ನಿಮ್ಮ ಪಾಲಿಗೆ ಹತ್ತೂ ಬರಂಗಿಲ್ಲ."

"ನಾಡದು ಬಡಗಿ ಬರ್ತಾನ. ಗಾಜು ಕೊಯ್ಸೇನಿ. ರಿಪೇರಿ ಬಂದ್ ಅಂತ ಬೋರ್ಡ್ ಹಾಕೇನಿ." ಆಮೇಲೆ ಮೆಲ್ಲಗೆ, "ಆಫೀಸಿನ್ಯಾಗ ನನ್ನ ಹೆಸರು ತಗೀಬ್ಯಾಡ. ಈ ವಯಸ್ಸಿನ್ಯಾಗ ಸುಳ್ಳ ಅಂತ ಅನಸ್ಕೊಳ್ಳೂದು ಬ್ಯಾಡ."

ಬಡಗಿಗೆ ಬೇಡ ಅನ್ನುತ್ತೇನೆ ಎಂದು ಮಾತ್ರ ಮಾಮಾ ಹೇಳಲಿಲ್ಲ.

೮ ಸೆಪ್ಟೆಂಬರ್, ಶುಕ್ರವಾರ, ಬೆಳಿಗ್ಗೆ ೧೦.೨೦

ಹನ್ನೊಂದಕ್ಕೆ ಆರ್ಡರ್ ಹೋಗುತ್ತದೆ. ಸರ್‌ಗೆ ಮೇಲ್ ಶುರು ಮಾಡಿದೆ. 'ನನ್ನ ಅಂದಾಜು ತಪ್ಪು. ೯೦೦ ಅಲ್ಲ, ೩೪೦.' ಅಷ್ಟು ಮಾತ್ರ ಸುಲಭವಾಗಿ ಬಂತು. ಕಾರಣ ಕೇಳುತ್ತಾರೆ. ಮಾಮಾನ ಹೆಸರು ಬರೆದೆ. ಅಳಿಸಿದೆ. 'ನಾನು ಪಟ್ಟಿಗಳನ್ನು ಪರಿಶೀಲಿಸಲಿಲ್ಲ' ಎಂದು ಬರೆದೆ. ನಿಜವೇ. ಆದರೆ ಸರ್ ಪಟ್ಟಿ ತರಿಸಿದರೆ ಹದಿನಾಲ್ಕನೆಯ ಸಾಲಿನಲ್ಲಿ ನನ್ನ ಹೆಸರನ್ನೇ ನೋಡುತ್ತಾರೆ, ಆಗ ನಾನು ಮಾಮಾನ ಹೆಸರು ಹೇಳಲೇಬೇಕಾಗುತ್ತದೆ. ಆದರೂ ಹನ್ನೊಂದಕ್ಕೆ ಮುಂಚೆ ಮೇಲ್ ಹಾಗೇ ಕಳಿಸಿದೆ.