ಮಾವ ಅನ್ಸಲ್ಮ ನಿಂತ ದಿನ

ಮಾವ,

ನಿಮಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ನೀವಿದ್ದಾಗ ಬರೆಯುವ ಪ್ರಸಂಗವೇ ಬರಲಿಲ್ಲ. ಫೋನ್ ಮಾಡಿದರೆ ಊಟ ಆಯಿತೇನು ಎಂದು ಕೇಳಿ, ನಾನು ಉತ್ತರ ಕೊಡುವುದರೊಳಗೆ ಸಂಜುಗೆ ಕೊಡು ಎನ್ನುತ್ತಿದ್ದಿರಿ. ಆದರೆ ನಿನ್ನೆ ಒಂದು ಸುದ್ದಿ ಬಂದಿದೆ. ಅದನ್ನು ನಿಮಗೆ ಹೇಳದೆ ಇರಲಾಗುತ್ತಿಲ್ಲ. ಹೇಳಬೇಕೆಂದರೆ ಮೊದಲಿನಿಂದ ಹೇಳಬೇಕು. ಗೊತ್ತಿರುವುದನ್ನೇ ಹೇಳುತ್ತಾಳಲ್ಲ ಅಂದುಕೊಳ್ಳಬೇಡಿ. ನೀವು ಕಥೆ ಹೇಳುತ್ತಿದ್ದುದೂ ಹಾಗೇ ಅಲ್ಲವೇ?

ನೀವು ದ ಹೇಗ್‌ಗೆ ಬಂದಿಳಿದ ಸಂಜೆ ನೆನಪಾಗುತ್ತದೆ. ಅತ್ತೆ ತೀರಿಕೊಂಡು ವರ್ಷ ತುಂಬಿತ್ತು. ಅಪ್ಪನಿಗೆ ಜಾಗ ಬದಲಾದರೆ ಒಳ್ಳೆಯದು ಎಂದು ಸಂಜು ನಿಮ್ಮನ್ನು ಕರೆತಂದಿದ್ದರು. ನೀವು ಬಂದು ಹದಿನೈದು ದಿನವೂ ಆಗಿರಲಿಲ್ಲ, ಆಫೀಸಿನವರು ಸಂಜುವನ್ನೇ ಬೆಂಗಳೂರಿಗೆ ಕಳಿಸಿದರು. ಒಂದು ವಾರದ ಕೆಲಸ. ಆ ವಾರದಲ್ಲೇ ಕೊರೊನಾದಿಂದಾಗಿ ವಿಮಾನಗಳು ನಿಂತವು. ಮಗ ಅಲ್ಲಿ, ಅಪ್ಪ ಇಲ್ಲಿ, ನಡುವೆ ಸೊಸೆ ನಾನು. ಮದುವೆಯಾದಾಗಿನಿಂದ ನಾವಿಬ್ಬರೂ ಒಟ್ಟಿಗೆ ಎಷ್ಟು ಮಾತಾಡಿದ್ದೆವು ಹೇಳಿ? ಬೆಳಗಾವಿಯ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರಾಗಿದ್ದ ನೀವು, ಮೈಸೂರಿನಿಂದ ಬಂದ ನನ್ನ ಕನ್ನಡವನ್ನು ರೇಡಿಯೋ ಕನ್ನಡ ಅನ್ನುತ್ತಿದ್ದಿರಿ. ನಿಮ್ಮ ಗಟ್ಟಿ ದನಿ ಕೇಳಿದರೆ ನನಗೆ ಸಾಲಿನಲ್ಲಿ ನಿಲ್ಲಬೇಕೇನೋ ಅನ್ನಿಸುತ್ತಿತ್ತು.

ಆ ಮೊದಲ ದಿನಗಳ ಊಟ! ವಾಗೆನಿಂಗನ್ ವಿಶ್ವವಿದ್ಯಾಲಯದ ನನ್ನ ಲ್ಯಾಬ್ ಮುಚ್ಚಿತ್ತು. ಊಟದ ಮೇಜಿನ ಒಂದು ತುದಿಯಲ್ಲಿ ನನ್ನ ಲ್ಯಾಪ್‌ಟಾಪ್, ಇನ್ನೊಂದು ತುದಿಯಲ್ಲಿ ನಿಮ್ಮ ತಟ್ಟೆ. ಇಂಡಿಯನ್ ಅಂಗಡಿಯಿಂದ ಜೋಳದ ಹಿಟ್ಟು ತಂದು ರೊಟ್ಟಿ ಬಡಿಯಲು ಹೋದೆ, ಅದು ಹಂಚಿನ ಮೇಲೆ ನಕಾಶೆಯ ಹಾಗೆ ಹರಿದು ಬಿತ್ತು. ನೀವು ಆ ಚೂರುಗಳನ್ನೆಲ್ಲ ಬದನೆಕಾಯಿ ಎಣ್ಣೆಗಾಯಿಯೊಡನೆ ತಿಂದಿರಿ. ಮರುದಿನ ನಾನು ಮೀಟಿಂಗಿನಲ್ಲಿದ್ದಾಗ ನೀವೇ ಬಡಿಯಲು ನೋಡಿದಿರಿ. ಅದು ನನ್ನದಕ್ಕಿಂತ ಕಡೆಯಾಯಿತು. ನಾವು ಮೊದಲ ಸಲ ಒಟ್ಟಿಗೆ ನಕ್ಕದ್ದು ಅವತ್ತೇ ಇರಬೇಕು.

ಏಪ್ರಿಲ್‌ನ ಒಂದು ಬಿಸಿಲಿನ ಮಧ್ಯಾಹ್ನ ನೀವು ಬಾಲ್ಕನಿಯಿಂದ ನನ್ನನ್ನು ಕೂಗಿದಿರಿ. ಏನೋ ಆಯಿತೆಂದು ಓಡಿಬಂದೆ. ಪಕ್ಕದ ಬಾಲ್ಕನಿಯ ಕಂಬಿಯ ಮೇಲೆ ಕೆಂಪು-ಬಿಳಿ ಪಟ್ಟೆಯ ಒಂದು ಹಳೆಯ ಮಫ್ಲರು ಒಣಗುತ್ತಿತ್ತು, ತುದಿಯಲ್ಲಿ ದೀಪಸ್ತಂಭದ ಲಾಂಛನ. ನೀವು ಅದನ್ನೇ ದಿಟ್ಟಿಸುತ್ತಿದ್ದಿರಿ.

"ಇದು ನಮ್ಮ ಕ್ಲಬ್ಬಿಂದು," ಅಂದಿರಿ.

ಬೆಳಗಾವಿಯದಾ ಎಂದು ಕೇಳಿದೆ. ಬ್ರೆಜಿಲ್‌ನದು ಅಂದಿರಿ. ನನಗೆ ನಿಮ್ಮ ಆರೋಗ್ಯದ ಬಗ್ಗೆ ಒಂದು ಕ್ಷಣ...

ಆಮೇಲೆ ನೀವು ಇನಾಸ್ ಮಾಸ್ತರರ ಕಥೆ ಹೇಳಿದಿರಿ. ನೀವು ಹುಡುಗರಾಗಿದ್ದಾಗ ಬೆಳಗಾವಿ ಕ್ಯಾಂಪಿನ ಶಾಲೆಯಲ್ಲಿ ಸಂಗೀತವನ್ನೂ ಸಂಜೆ ಫುಟ್‌ಬಾಲನ್ನೂ ಕಲಿಸುತ್ತಿದ್ದ ಗೋವಾದವರು, ಒಂದು ಕಾಲದ ಗೋಲ್‌ಕೀಪರ್. ಅವರ ಅಣ್ಣ ಹಡಗಿನ ಕೆಲಸಕ್ಕೆ ಸೇರಿ ಬ್ರೆಜಿಲ್‌ನ ಯಾವುದೋ ಬಂದರಿನಲ್ಲಿ ನೆಲೆ ನಿಂತಿದ್ದ. ಅಲ್ಲಿಯ ಕ್ಲಬ್ಬಿನ ಪತ್ರಿಕೆಯನ್ನು ಆಗಾಗ ತಮ್ಮನಿಗೆ ಕಳಿಸುತ್ತಿದ್ದ. ಇನಾಸ್ ಮಾಸ್ತರು ಪೋರ್ಚುಗೀಸಿನಲ್ಲಿದ್ದುದನ್ನು ಓದಿ, ಆಟ ಮುಗಿದ ಮೇಲೆ ನಿಮಗೆಲ್ಲ ಕನ್ನಡದಲ್ಲಿ ಹೇಳುತ್ತಿದ್ದರು. ಅಲ್ಲಿಯ ಆಟಗಾರರಿಗೆಲ್ಲ ಅಡ್ಡಹೆಸರು. ಆ ಅಡ್ಡಹೆಸರುಗಳನ್ನೂ ಅವರು ಬಿಡದೆ ಕನ್ನಡ ಮಾಡಿದ್ದರು. ಎಡಗಡೆಯ ಗೆರೆಗುಂಟ ಪುರ್ರೆಂದು ಹಾರುವ ಕುಳ್ಳ, ಗುಬ್ಬಿ. ಒದೆಯುವ ಮೊದಲು ಒಂದು ಕಣ್ಣು ಮುಚ್ಚಿ ಅಳತೆ ನೋಡುವ ಡಿಫೆಂಡರ್, ಬಡಗಿ. ಸೆಮಿನರಿ ಬಿಟ್ಟು ಓಡಿಬಂದು, ಗೋಲು ಹೊಡೆದಾಗಲೆಲ್ಲ ಎದುರಾಳಿಯ ಕ್ಷಮೆ ಕೇಳುತ್ತಿದ್ದ ಪಾದ್ರಿ. ಎಂಥ ಪಂದ್ಯದಲ್ಲೂ ಬಾಯಿ ಬಿಡದ ಗೋಲ್‌ಕೀಪರ್, ಮೂಕ. ನೀವು ಅವರ ಬಗ್ಗೆ ಹೇಳುತ್ತಿದ್ದುದನ್ನು ಕೇಳಿದರೆ ಅವರೆಲ್ಲ ಬೆಳಗಾವಿಯ ಖಡೇಬಜಾರಿನಲ್ಲಿ ದಿನಾ ಎದುರಾಗುವವರೇನೋ ಅನ್ನಿಸುತ್ತಿತ್ತು.

ಮಫ್ಲರು ತೆಗೆಯಲು ಪಕ್ಕದ ಮನೆಯ ದೋನಾ ಲುರ್ದೆಸ್ ಹೊರಗೆ ಬಂದ ಗಳಿಗೆ ನನ್ನ ಕಣ್ಣಿಗೆ ಕಟ್ಟಿದಂತಿದೆ. ಎಪ್ಪತ್ತು ದಾಟಿದ ವಿಧವೆ, ಬೆಳಗಿನ ವಂದನೆ ಹೇಳುವಷ್ಟೇ ಪರಿಚಯ. ಡಚ್ ಹೆಂಗಸು ಎಂದೇ ನಾನು ಅಂದುಕೊಂಡಿದ್ದೆ. ನೀವು ಕೈಯೆತ್ತಿ ಮಫ್ಲರು ತೋರಿಸಿದಿರಿ. ಆಮೇಲೆ ಎರಡೂ ತೋಳು ಬಡಿದು, ತುಟಿ ಚೂಪು ಮಾಡಿ ಗುಬ್ಬಿಯಾದಿರಿ. ನಾಚಿಕೆಯಿಂದ ನಾನು ಒಳಗೆ ಹೋಗಬೇಕೆಂದಿದ್ದೆ. ಅಷ್ಟರಲ್ಲಿ ಆಕೆ "ಪಾರ್ದಾಲ್!" ಎಂದರು. ಅವರ ಭಾಷೆಯಲ್ಲಿ ಗುಬ್ಬಿ! ನೀವು ಕಣ್ಣು ಮುಚ್ಚಿ ಬಡಗಿಯಾದಿರಿ, ಕೈ ಮುಗಿದು ಪಾದ್ರಿಯಾದಿರಿ. ಆಕೆ ಒಂದೊಂದಕ್ಕೂ ಹೆಸರು ಕೂಗಿ ಚಪ್ಪಾಳೆ ತಟ್ಟಿದರು. ಕೊನೆಗೆ ನೀವು ತುಟಿಯ ಮೇಲೆ ಬೆರಳಿಟ್ಟು ಮೂಕನನ್ನು ತೋರಿಸಿ, ಅವನ ಭುಜ ಮುರಿದದ್ದನ್ನು ತೋರಿಸಿ, "ಆಮ್ಯಾಲೆ ಅನ್ಸಲ್ಮ" ಅಂದಿರಿ.

ಆಕೆಯ ಮುಖದಲ್ಲಿದ್ದ ನಗು ಹೋಯಿತು. ಮಫ್ಲರು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

"ನಾ ಏನರ ತಪ್ಪ ಮಾತಾಡಿದ್ನೇನು?" ಎಂದು ನೀವು ಸಂಜೆಯವರೆಗೂ ಕೇಳುತ್ತಲೇ ಇದ್ದಿರಿ. ಚಹಾ ಆರಿಹೋಯಿತು.

ಮರುದಿನ ಆಕೆ ಬಾಗಿಲು ತಟ್ಟಿ, ಮೆಕ್ಕೆಜೋಳದ ಹಿಟ್ಟಿನ ಕೇಕನ್ನು ಹೊಸ್ತಿಲಲ್ಲಿಟ್ಟು, ದೂರ ಸರಿದು ನಿಂತರು. ಆ ಹೆಸರು ಇವರಿಗೆ ಹೇಗೆ ಗೊತ್ತು ಎಂದು ನನ್ನನ್ನು ಡಚ್ಚಿನಲ್ಲಿ ಕೇಳಿದರು. ನೀವು ಅನ್ಸಲ್ಮ ಅಂದ ಅನ್ಸೆಲ್ಮೊ ಅವರ ಅಣ್ಣ. ಒಂದು ವರ್ಷದ ಫೈನಲ್‌ನಲ್ಲಿ ಮೂಕನಿಗೆ ಪೆಟ್ಟಾದಾಗ ಗೋಲಿಗೆ ಬಂದು ನಿಂತವನು, ಆಗಿನ್ನೂ ಮೀಸೆ ಮೂಡಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಒಂದು ಚೆಂಡು ಅವನ ಕೈಯಡಿಯಲ್ಲಿ ನುಸುಳಿ ಒಳಗೆ ಹೋಯಿತು, ಕ್ಲಬ್ ಸೋತಿತು. ಅವರ ಮನೆಗೆ ಕಲ್ಲು ಬಿದ್ದವು. ಅಪ್ಪನ ಬೇಕರಿಗೆ ಜನ ಬರುವುದು ನಿಂತಿತು. ಮುಂದೆ ಲುರ್ದೆಸ್ ಒಬ್ಬ ಡಚ್ ಹಡಗಿನ ಎಂಜಿನಿಯರನ್ನು ಮದುವೆಯಾಗಿ ಬಂದಾಗ ಅಣ್ಣನನ್ನೂ ಕರೆತಂದರು. ರಾಟರ್‌ಡ್ಯಾಮ್ ಬಂದರಿನಲ್ಲಿ ಅನ್ಸೆಲ್ಮೊ ನಿವೃತ್ತಿಯವರೆಗೂ ದುಡಿದರು. ಮನೆಯಲ್ಲಿ ಯಾರೂ ಫುಟ್‌ಬಾಲ್ ಮಾತೆತ್ತುವಂತಿರಲಿಲ್ಲ. ಈಗ ನೆನಪು ಕಳೆದುಕೊಂಡು ವೃದ್ಧರ ಆರೈಕೆ ಮನೆಯಲ್ಲಿದ್ದಾರೆ, ಕೊರೊನಾದಿಂದಾಗಿ ತಂಗಿಯನ್ನೂ ಒಳಗೆ ಬಿಡುವುದಿಲ್ಲ. ಕಲಿತ ಡಚ್ಚೂ ಸೇರಿ ಎಲ್ಲವೂ ಮರೆತಿದೆ, ಆ ಒಂದು ಗೋಲು ಮಾತ್ರ ಮರೆತಿಲ್ಲ ಅಂದರು.

ನಾನು ಇದನ್ನೆಲ್ಲ ಕನ್ನಡಕ್ಕೆ ತಿರುಗಿಸುತ್ತಿದ್ದಾಗ ನಿಮ್ಮ ಮುಖ ನೋಡಿದೆ, ಮಾವ. ನಿಮಗೆ ಸಿಟ್ಟು ಬಂದಿತ್ತು.

"ಗೋಲ್ ಬಿಟ್ಟಾಂವಂತ? ನಮಗ ಯಾರೂ ಹಂಗ ಹೇಳಿಲ್ಲ. ಹೇಳು ಆಕಿಗೆ. ಅವತ್ತ ಅಂವ ಹಿಡದದ್ದನ್ನ ಇನಾಸ್ ಮಾಸ್ತರು ನಮಗ ಒಂದೊಂದು ಚೆಂಡು ಬಿಡಿಸಿ ಹೇಳ್ಯಾರ. ಹೆಂಗ ನಿಂತಿದ್ದ, ಹೆಂಗ ಬಿದ್ದ, ಪೆನಾಲ್ಟಿ ಹೆಂಗ ತಡದ... ಕೀಪರ್ ಹಿಡದದ್ದು ಮಂದಿಗೆ ನೆನಪಿರಂಗಿಲ್ಲ, ಬಿಟ್ಟದ್ದಷ್ಟ ನೆನಪಿರ್ತದ. ಆದ್ರ ನಮ್ಮೂರಾಗ ಹಂಗಲ್ಲ."

ನಿಮ್ಮೂರಿನಲ್ಲಿ ಹೇಗಿತ್ತೆಂದು ನೀವು ವಿವರಿಸಿದಾಗ ಅದನ್ನು ಡಚ್ಚಿಗೆ ತರಲು ನಾನು ಪಟ್ಟ ಪಾಡು! ಮೊಣಕಾಲು ಬಾಗಿಸಿ, ತೂಕವನ್ನು ಮುಂಗಾಲಿನ ಮೇಲೆ ಹಾಕಿ, ಅಂಗೈ ತೆರೆದು ನಿಲ್ಲುವುದಕ್ಕೆ ಇನಾಸ್ ಮಾಸ್ತರು ಇಟ್ಟ ಹೆಸರು ಅನ್ಸಲ್ಮ. ಅವರು ನಿಮಗೆ "ಅನ್ಸಲ್ಮ ನಿಲ್ಲು" ಅಂದರು. ನೀವು ಮಾಸ್ತರಾದ ಮೇಲೆ ನಿಮ್ಮ ಹುಡುಗರಿಗೆ ಅದನ್ನೇ ಅಂದಿರಿ. ಅದೊಂದು ಮನುಷ್ಯನ ಹೆಸರೆಂದು ಅರ್ಧ ಹುಡುಗರಿಗೆ ಗೊತ್ತೇ ಇರಲಿಲ್ಲ. ಆ ವಾರ ಫೋನಿನಲ್ಲಿ ಸಂಜುವನ್ನು ಕೇಳಿದೆ. "ಅನ್ಸಲ್ಮ ಅಂದ್ರ ಅಟೆನ್ಶನ್ ಇದ್ದಂಗಲ್ಲ? ನಾ ಅದು ಕನ್ನಡ ಶಬ್ದನ ಅಂತ ತಿಳಕೊಂಡಿದ್ದೆ" ಅಂದರು ನಿಮ್ಮ ಮಗ.

ದೋನಾ ಲುರ್ದೆಸ್ ಎಲ್ಲವನ್ನೂ ಕೇಳಿ ಮೆಟ್ಟಿಲ ಕಂಬಿ ಹಿಡಿದು ಕುಳಿತುಬಿಟ್ಟರು. ನಿಮ್ಮ ಮಾವ ಇದನ್ನು ನನ್ನ ಅಣ್ಣನಿಗೆ ಹೇಳುತ್ತಾರಾ ಎಂದು ಕೇಳಿದರು.

ಭಾನುವಾರ ನಾವು ಮೂವರೂ ಅಂತರ ಬಿಟ್ಟು ನಡೆದು ಹೋದೆವಲ್ಲ, ಆ ದಾರಿಯಲ್ಲಿ ಈಗಲೂ ಒಮ್ಮೊಮ್ಮೆ ಸೈಕಲ್ಲಿನಲ್ಲಿ ಹೋಗುತ್ತೇನೆ. ಆರೈಕೆ ಮನೆಯ ತೋಟದ ಕಡೆಯ ಕಿಟಕಿಗಳ ಮುಂದೆ ಒಂದೊಂದು ಕಿಟಕಿಗೂ ಒಂದೊಂದು ಸಂಸಾರ ನಿಂತಿತ್ತು. ಯಾರೋ ಮೊಮ್ಮಗುವನ್ನು ಎತ್ತಿ ತೋರಿಸುತ್ತಿದ್ದರು, ಯಾರೋ ಗಾಜಿಗೆ ಅಂಗೈ ಒತ್ತಿದ್ದರು. ಅನ್ಸೆಲ್ಮೊ ಗಾಲಿಕುರ್ಚಿಯಲ್ಲಿದ್ದರು. ನರ್ಸ್ ಅವರ ಕಿವಿಯ ಹತ್ತಿರ ಫೋನ್ ಹಿಡಿದಳು. ನೀವು ಕನ್ನಡದಲ್ಲಿ ಹೇಳಿದಿರಿ, ನಾನು ಡಚ್ಚಿನಲ್ಲಿ, ಲುರ್ದೆಸ್ ಪೋರ್ಚುಗೀಸಿನಲ್ಲಿ. ನಿಮ್ಮ ಒಂದು ಮಾತು ಅವರನ್ನು ಮುಟ್ಟುವುದಕ್ಕೆ ಎರಡು ಹೊಳೆ ದಾಟಬೇಕಿತ್ತು. ಅವರು ಕೇಳುತ್ತಿದ್ದಾರೋ ಇಲ್ಲವೋ ತಿಳಿಯಲಿಲ್ಲ. ಮಡಿಲಲ್ಲಿದ್ದ ಕೈಗಳನ್ನೇ ನೋಡುತ್ತಿದ್ದರು.

ಆಗ ನೀವು ಮಾತು ನಿಲ್ಲಿಸಿದಿರಿ. ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಹೋಗಿ, ಮೊಣಕಾಲು ಬಾಗಿಸಿ, ಅಂಗೈ ತೆರೆದು ನಿಂತಿರಿ. ಎಪ್ಪತ್ತರ ಹೊಸ್ತಿಲಲ್ಲಿದ್ದ ನನ್ನ ಮಾವ, ಪರದೇಶದ ತೋಟದಲ್ಲಿ, ಅಷ್ಟು ಜನರೆದುರು. ಸ್ವಲ್ಪ ಹೊತ್ತಿಗೆ ನಿಮ್ಮ ತೊಡೆ ನಡುಗತೊಡಗಿತು. ಸಾಕು ಮಾವ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಗಾಜಿನಾಚೆ ಅನ್ಸೆಲ್ಮೊ ತಲೆಯೆತ್ತಿದರು. ನಿಮ್ಮನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಬಲಗೈ ಎತ್ತಿ, ಅಂಗೈ ಕೆಳಗೆ ಮಾಡಿ ಎರಡು ಸಲ ಒತ್ತಿದರು. ಇನ್ನೂ ಕೆಳಗೆ.

ನೀವು ಇನ್ನೂ ಬಾಗಿದಿರಿ. ಕೈ ಇನ್ನಷ್ಟು ಮುಂದೆ ಎಂದು ಸನ್ನೆ ಮಾಡಿದರು, ಮುಂದೆ ತಂದಿರಿ. ಆಮೇಲೆ ಅವರು ತಂಗಿಯ ಕಡೆ ತಿರುಗಿ ಫೋನಿನಲ್ಲಿ ಏನೋ ಹೇಳಿದರು. ಲುರ್ದೆಸ್ ಅಳುತ್ತಿದ್ದರಿಂದ ನನಗೆ ಅದು ತಲುಪಲು ಸ್ವಲ್ಪ ತಡವಾಯಿತು.

"ಇವನು ಚೆನ್ನಾಗಿ ನಿಲ್ಲುತ್ತಾನೆ. ಯಾರು ಕಲಿಸಿದರು ಅಂತ ಕೇಳ್ತಿದ್ದಾರೆ ಮಾವ" ಎಂದೆ.

ನೀವು ಎದ್ದು ನಿಲ್ಲಲಾರದೆ ಹುಲ್ಲಿನ ಮೇಲೆ ಕೈಯೂರಿ, ಇನ್ನೊಂದು ಕೈಯಿಂದ ಅವರತ್ತ ತೋರಿಸಿದಿರಿ. ಅದನ್ನು ಯಾರೂ ಅನುವಾದ ಮಾಡಬೇಕಾಗಿರಲಿಲ್ಲ.

ಆಮೇಲಿನ ಭಾನುವಾರಗಳೆಲ್ಲ ಅಲ್ಲೇ ಕಳೆದವು. ಕೆಲವು ದಿನ ಅವರು ನಿಮ್ಮನ್ನು ಗುರುತಿಸುತ್ತಿದ್ದರು, ಕೆಲವು ದಿನ ಇಲ್ಲ. ಗುರುತಿಸದ ದಿನ ನೀವು ಮತ್ತೆ ಮೊದಲಿನಿಂದ ನಿಲ್ಲುತ್ತಿದ್ದಿರಿ. ಮನೆಗೆ ಬರುವ ದಾರಿಯಲ್ಲಿ ನನ್ನೊಡನೆ ಅತ್ತೆಯ ಬಗ್ಗೆ ಮಾತಾಡುತ್ತಿದ್ದಿರಿ. ಅವರ ಕಡೆಯ ದಿನಗಳನ್ನು, ಸಂಜುಗೂ ಹೇಳದ್ದನ್ನು. ನನಗೇ ಯಾಕೆ ಹೇಳಿದಿರಿ? ನಾನು ಕೇಳಲಿಲ್ಲ. ಕೇಳಬಾರದೆಂದು ಆಗಲೇ ಗೊತ್ತಾಗಿತ್ತು.

ಜುಲೈನಲ್ಲಿ ವಿಶೇಷ ವಿಮಾನ ಸಿಕ್ಕಿತು. ನೀವು ಬೆಂಗಳೂರಿನ ಹೋಟೆಲಿನ ಕ್ವಾರಂಟೈನ್‌ನಲ್ಲಿದ್ದಾಗಲೇ ಸಂಜು ಇತ್ತ ಹೊರಡುವ ದಿನ ಬಂತು. ಮೇಲೆ ಕಿಟಕಿಯಲ್ಲಿ ನೀವು, ಕೆಳಗೆ ರಸ್ತೆಯಲ್ಲಿ ಬ್ಯಾಗು ಹಿಡಿದ ನಿಮ್ಮ ಮಗ. ಅಪ್ಪ ಕೈ ಬೀಸಿ ಹೋಗು ಹೋಗು ಅಂದರು ಎಂದು ಸಂಜು ಇಲ್ಲಿಗೆ ಬಂದು ಹೇಳಿದರು. ಅದೇ ಕೊನೆಯ ಭೇಟಿಯೆಂದು...

ಮರುವರ್ಷ ಮೇ ತಿಂಗಳಲ್ಲಿ ಬೆಳಗಾವಿಯಿಂದ ನಾದಿನಿ ಸುಮಾ ಫೋನ್ ಮಾಡಿದಾಗ ನಾನು ಲ್ಯಾಬಿನಲ್ಲಿದ್ದೆ. ಆಸ್ಪತ್ರೆಯಲ್ಲಿ ನಿಮ್ಮ ಹತ್ತಿರ ಯಾರನ್ನೂ ಬಿಟ್ಟಿರಲಿಲ್ಲ. ನಮಗೂ ಬರಲಾಗಲಿಲ್ಲ. ದೋನಾ ಲುರ್ದೆಸ್ ಬಂದು ಸಂಜುವಿನ ಪಕ್ಕ ಕುಳಿತರು, ಇಡೀ ದಿನ. ನಿಮ್ಮನ್ನು "ಮಾಸ್ತರ್" ಎಂದೇ ಕರೆಯುತ್ತಿದ್ದರಲ್ಲ, ಅವತ್ತೂ ನಡುನಡುವೆ ಅದೊಂದೇ ಮಾತು ಹೇಳುತ್ತಿದ್ದರು. ಅಷ್ಟು ಹೊತ್ತಿಗೆ ಆರೈಕೆ ಮನೆಯ ಬಾಗಿಲು ತೆರೆದಿತ್ತು. ಅನ್ಸೆಲ್ಮೊ ಒಮ್ಮೊಮ್ಮೆ, ಆ ಕೀಪರ್ ಎಲ್ಲಿ ಎಂದು ತಂಗಿಯ ಮೂಲಕ ನನ್ನನ್ನು ಕೇಳುತ್ತಿದ್ದರು. ಬೆಳಗಾವಿಯಲ್ಲಿ ಅನ್ನುತ್ತಿದ್ದೆ. ಚಳಿಗಾಲ ಬರುವುದರೊಳಗೆ ಅವರೂ ಹೋದರು, ನಿದ್ದೆಯಲ್ಲಿ, ತಂಗಿ ಪಕ್ಕದಲ್ಲಿರುವಾಗಲೇ.

ಇನ್ನು ಸುದ್ದಿ. ಅವತ್ತು ನೀವು ಹುಲ್ಲಿನ ಮೇಲೆ ನಿಂತಾಗ ಒಳಗಿನಿಂದ ನರ್ಸ್ ಒಂದು ಫೋಟೋ ತೆಗೆದಿದ್ದಳಂತೆ. ಅಣ್ಣ ಹೋದ ಮೇಲೆ ಲುರ್ದೆಸ್ ಅದನ್ನು ಬ್ರೆಜಿಲ್‌ನ ತಮ್ಮ ಊರಿನಲ್ಲಿರುವ ಸೋದರಸೊಸೆಗೆ ಕಳಿಸಿ, ಬೆಳಗಾವಿಯ ಕಥೆಯನ್ನೂ ಬರೆದರು. ಅದು ಕ್ಲಬ್ಬಿನ ಅಭಿಮಾನಿಗಳ ಮೊಬೈಲುಗಳಲ್ಲೆಲ್ಲ ಓಡಾಡಿತು. ಆ ಫೈನಲ್ ನೋಡಿದ್ದ ಮುದುಕರು ಬಾಯಿ ಬಿಟ್ಟರು. ಹೌದು, ಪೆನಾಲ್ಟಿ ತಡೆದಿದ್ದ, ಇಲ್ಲದಿದ್ದರೆ ನಾಲ್ಕೈದು ಗೋಲಾಗುತ್ತಿತ್ತು ಅಂದರು. ಆ ಕ್ಲಬ್ಬಿನ ಮೈದಾನದ ಹೊರಗೋಡೆಯ ಮೇಲೆ ಹೆಸರಾಂತ ಆಟಗಾರರ ಚಿತ್ರ ಬರೆಸಿದ್ದಾರೆ. ಗುಬ್ಬಿ, ಬಡಗಿ, ಪಾದ್ರಿ, ಮೂಕ, ಎಲ್ಲರೂ ಇದ್ದಾರೆ. ಮೂಕನ ಪಕ್ಕದಲ್ಲಿ ಈಗ ಅನ್ಸೆಲ್ಮೊ ಚಿತ್ರ ಬರೆದಿದ್ದಾರೆ, ಮಾವ. ನಿನ್ನೆ ಲುರ್ದೆಸ್ ಅದರ ಫೋಟೋ ತೋರಿಸಿದರು.

ಚಿತ್ರಕಾರ ನರ್ಸ್ ತೆಗೆದ ಫೋಟೋವನ್ನೇ ನೋಡಿ ಬರೆದಿದ್ದಾನೆ. ಈ ಕಡೆ ಗಾಲಿಕುರ್ಚಿಯಲ್ಲಿ ಕೈಯೆತ್ತಿದ ಅನ್ಸೆಲ್ಮೊ, ಗಾಜಿನಾಚೆ ಹುಲ್ಲಿನ ಮೇಲೆ ನೀವು. ನಿಮ್ಮ ಬೂದು ಸ್ವೆಟರಿಗೆ ಕೆಂಪು-ಬಿಳಿ ಪಟ್ಟೆ ಹಾಕಿಬಿಟ್ಟಿದ್ದಾನೆ. ಸಂಜು ನೋಡಿ ನಕ್ಕರು, ಆಮೇಲೆ ಎದ್ದು ಅಡುಗೆಮನೆಗೆ ಹೋದರು. ನಾನು ಹಿಂದೆ ಹೋಗಲಿಲ್ಲ.

ನಿಮ್ಮ ಚಿತ್ರದ ಕೆಳಗೆ ಹೆಸರು ಬರೆಯಲು ಕ್ಲಬ್ಬಿನವರು ಲುರ್ದೆಸರನ್ನು ಮೊದಲೇ ಕೇಳಿದ್ದರಂತೆ. ಅವರಿಗೆ ಗೊತ್ತಿದ್ದುದು ಒಂದೇ ಹೆಸರು. ಆ ಊರಿನ ಜನ ಈಗ ಆಟಕ್ಕೆ ಹೋಗುವಾಗ ಅದನ್ನು ಓದಿಕೊಂಡು ಒಳಗೆ ಹೋಗುತ್ತಾರೆ: ಮಾಸ್ತರ್, ಗೋಲ್‌ಕೀಪರ್, ಬೆಳಗಾವಿ.

ನಿಮ್ಮ ಸೊಸೆ,
ರೇಖಾ